ಆನೆ ಎಲ್ಲದರಲ್ಲೂ ಇದೆ, ಊರಿನ ಹೆಸರು ನೋಡಿ

ಟಿಪ್ಪು ಸುಲ್ತಾನನ ಆನೆ ಪೈಸೆ ಆನ್‌ಲೈನ್‌ನಲ್ಲಿ ಯಾವಾಗ ಹುಡುಕಿದರೂ ಸಿಗುತ್ತದೆ. ಹೆಚ್ಚುಕಮ್ಮಿ ಎಲ್ಲ ಪೋಸ್ಟ್‌ಗಳಲ್ಲೂ ‘ಅತಿ ಅಪರೂಪ’ ಎಂದು ಬರೆದಿರುತ್ತಾರೆ. ಫೋಟೊದಲ್ಲಿ ಆನೆ ಚೆನ್ನಾಗಿ ಕಂಡರೆ ಬೆಲೆಯೂ ಜಾಸ್ತಿ. ಆದರೆ ಆನೆ ಆ ತಾಮ್ರದ ನಾಣ್ಯಗಳ ಉದ್ದಕ್ಕೂ ಇದೆ. ಕೆಲವದರಲ್ಲಿ ಎಡಕ್ಕೆ ಮುಖ ಮಾಡಿದೆ, ಕೆಲವದರಲ್ಲಿ ಬಲಕ್ಕೆ, ಅಷ್ಟೇ. ನಾಣ್ಯ ಸಾಮಾನ್ಯವೋ ಅಪರೂಪವೋ ಅನ್ನುವುದು ಬಹುಮಟ್ಟಿಗೆ ಅದರ ಬೆನ್ನ ಮೇಲೆ, ಪಾರಸಿಯಲ್ಲಿ ಬರೆದ ಟಂಕಸಾಲೆಯ ಹೆಸರಿನಲ್ಲಿ ಇರುತ್ತದೆ. ಮಾರುವವರಲ್ಲಿ ಹೆಚ್ಚಿನವರು ಅದನ್ನು ಓದುವುದಿಲ್ಲ. ನಾನು ಕೊಳ್ಳುವುದು ಅದನ್ನು ಓದಿಕೊಂಡು.

ನನಗೆ ಪಾರಸಿ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಟಿಪ್ಪುವಿನ ಟಂಕಸಾಲೆಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಸಿಕೊಂಡೆ. ಯಾವ ಅಕ್ಷರಕ್ಕೆ ಚುಕ್ಕೆ ಎಲ್ಲಿ, ಯಾವುದು ಉದ್ದ ಗೆರೆ, ಯಾವುದಕ್ಕೆ ಹಲ್ಲಿನಂಥ ಮೊನೆಗಳು ಅನ್ನುವುದನ್ನು ಕಣ್ಣಿಗೆ ರೂಢಿ ಮಾಡಿಕೊಂಡೆ. ಪಟನ್ ಅಂದರೆ ಶ್ರೀರಂಗಪಟ್ಟಣ. ಮೂರೇ ಅಕ್ಷರ, ಕೊನೆಯದು ಬಟ್ಟಲಿನ ಹಾಗೆ ಕೆಳಕ್ಕೆ ಬಾಗುತ್ತದೆ. ನಗರ್ ಅಂದರೆ ಬಿದನೂರು, ನಮ್ಮ ಈಗಿನ ಹೊಸನಗರದ ಹತ್ತಿರದ ನಗರ. ಅದಕ್ಕೂ ಮೂರು ಅಕ್ಷರ, ಆದರೆ ನಡುವೆ ಓರೆ ಗೆರೆಯ ಗಾಫ್, ಅಂದರೆ ಪಾರಸಿಯ ಗ ಬರುತ್ತದೆ. ಇವೆರಡೂ ಜಾಸ್ತಿ ಸಿಗುವಂಥವು. ಇವನ್ನು ಬೇಕಾದಷ್ಟು ನೋಡಿ ಬೇಸರ ಬರುವಷ್ಟು ಪರಿಚಯ ಮಾಡಿಕೊಳ್ಳಬೇಕು. ಸಾಮಾನ್ಯ ನಾಣ್ಯ ಅಷ್ಟು ಗೊತ್ತಾದ ಮೇಲೆ, ಬೇರೆಯದು ಫೋಟೊದಲ್ಲಿ ಬಂದ ಕೂಡಲೇ ಬೆರಳು ಅಲ್ಲೇ ನಿಲ್ಲುತ್ತದೆ.

ನಾನು ಧಾರವಾಡದವನು. ಟಿಪ್ಪು ಹಲವು ಊರುಗಳ ಹೆಸರು ಬದಲಿಸಿದ. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು, ಧಾರವಾಡ ಖುರ್ಷಿದ್ ಸವಾದ್ ಆಯಿತು. ನಮ್ಮೂರಿನ ಹೆಸರಿನ ಆ ಪೈಸೆ ಬೇಕು ಅನ್ನುವುದು ನನ್ನ ಬಹಳ ದಿನದ ಆಸೆಯಾಗಿತ್ತು. ಸುಲಭವಾಗಿ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಅನ್ನುವುದು ಇತಿಹಾಸದಲ್ಲೇ ಇದೆ. ಮರಾಠರು ಮತ್ತು ಇಂಗ್ಲಿಷರು 1790ರ ಸೆಪ್ಟೆಂಬರ್‌ನಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದರು. 1791ರ ಏಪ್ರಿಲ್‌ನಲ್ಲಿ ಕೋಟೆ ಕೈಬಿಟ್ಟಿತು. ಅಲ್ಲಿಗೆ ಟಿಪ್ಪುವಿನ ಹೆಸರಲ್ಲಿ ಇಲ್ಲಿ ನಾಣ್ಯ ಹೊಡೆಯುವುದೂ ಮುಗಿಯಿತು. ಶ್ರೀರಂಗಪಟ್ಟಣದಲ್ಲಿ ಅವನು ಸಾಯುವ 1799ರವರೆಗೂ ಕೆಲಸ ನಡೆದಿತ್ತು. ಒಂದು ಕಡೆ ಕೆಲವೇ ವರ್ಷ, ಇನ್ನೊಂದು ಕಡೆ ಇಡೀ ಆಳ್ವಿಕೆ. ವ್ಯತ್ಯಾಸ ಆಗಲೇಬೇಕಲ್ವಾ?

ಕೊನೆಗೂ ನನಗೆ ಧಾರವಾಡದ ಪೈಸೆ ಸಿಕ್ಕಿದ್ದು ‘ಫರ್ರುಖ್‌ಯಾಬ್ ಹಿಸಾರ್’ ಎಂದು ಹೆಸರು ಹಾಕಿದ್ದ ಒಂದು ಪೋಸ್ಟ್‌ನಲ್ಲಿ. ಎರಡೂ ಉದ್ದ ಹೆಸರು, ಎರಡೂ ನಾಣ್ಯದ ಮುಖ ತುಂಬಿಕೊಳ್ಳುತ್ತವೆ. ಸುಮ್ನೆ ಕಣ್ಣಾಡಿಸಿದರೆ ಒಂದೇ ಥರ. ಆದರೆ ಫರ್ರುಖ್‌ಯಾಬ್ ಹಿಸಾರ್‌ನಲ್ಲಿ ಹಲ್ಲಿರುವ ಶ ಅಥವಾ ಸ ಎಲ್ಲೂ ಬರುವುದಿಲ್ಲ. ಹಿಸಾರ್‌ನ ಸ ಬೇರೆ ಅಕ್ಷರ, ಅದಕ್ಕೆ ಉದ್ದನೆಯ ಕುಣಿಕೆ ಇರುತ್ತದೆ. ಖುರ್ಷಿದ್‌ನ ಶ ಹಾಗಲ್ಲ. ಅದಕ್ಕೆ ಸಾಲಾಗಿ ಮೊನೆಗಳು, ಮೇಲೆ ಮೂರು ಚುಕ್ಕೆ. ಸವಾದ್‌ನ ಸ ಕೂಡ ಮೊನೆಯದೇ, ಚುಕ್ಕೆ ಮಾತ್ರ ಇಲ್ಲ. ಫೋಟೊ ದೊಡ್ಡದು ಮಾಡಿ ನೋಡಿದಾಗ ಆ ಮೊನೆಗಳು ಎರಡು ಕಡೆ ಕಂಡವು. ಮೂರು ಚುಕ್ಕೆಯಲ್ಲಿ ಎರಡು ಸ್ಪಷ್ಟ, ಮೂರನೆಯದು ಸವೆದಿತ್ತು.

ಆಗಲೂ ಕೂಡಲೇ ದುಡ್ಡು ಕಳಿಸಲಿಲ್ಲ. ಮಾರುವವರಿಗೆ ಮೆಸೇಜ್ ಹಾಕಿದೆ: ‘ಸರ್, ಬರಹ ಇರುವ ಕಡೆಯದು ಇನ್ನೊಂದು ಫೋಟೊ ಕಳಿಸ್ತೀರಾ? ಕಿಟಕಿ ಹತ್ತಿರ ಇಟ್ಟು, ಬೆಳಕು ಪಕ್ಕದಿಂದ ಬೀಳೋ ಹಾಗೆ ತೆಗೀರಿ. ಹಾಗೇ ಅಂಚಿನದೂ ಒಂದು, ತೂಕದ ಮೇಲೆ ಇಟ್ಟಿದ್ದೂ ಒಂದು.’ ಈ ಮೂರು ಫೋಟೊ ನಾನು ಯಾವಾಗಲೂ ಕೇಳುತ್ತೇನೆ. ನೇರ ಬೆಳಕಿನಲ್ಲಿ, ಫ್ಲ್ಯಾಶ್‌ನಲ್ಲಿ ತಾಮ್ರದ ಬರಹ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದ ಬೆಳಕಿಗೆ ಪ್ರತಿ ಗೆರೆಗೂ ಒಂದು ನೆರಳು ಹುಟ್ಟಿಕೊಂಡು, ಸವೆದ ಅಕ್ಷರವೂ ಎದ್ದು ಬರುತ್ತದೆ. ನೆಟ್ಟಗಿನ ಮಾರಾಟಗಾರ ಯಾರೂ ಈ ಮೂರಕ್ಕೆ ಇಲ್ಲ ಅನ್ನುವುದಿಲ್ಲ. ಬದಲಿಗೆ ‘ಇನ್ನೊಬ್ಬರು ಕೇಳ್ತಿದ್ದಾರೆ, ಬೇಗ ಹೇಳಿ’ ಅಂತ ಅವಸರ ಮಾಡಿದರೆ ಆ ನಾಣ್ಯ ಇನ್ನೊಬ್ಬರಿಗೇ ಹೋಗಲಿ ಎಂದು ಬಿಡುತ್ತೇನೆ.

ಪಕ್ಕದ ಬೆಳಕಿನ ಫೋಟೊದಲ್ಲಿ ಮೂರನೆಯ ಚುಕ್ಕೆಯ ಕಲೆ ಕಾಣಿಸಿತು. ತೂಕ 11 ಗ್ರಾಂ ಚಿಲ್ಲರೆ. ಟಿಪ್ಪುವಿನ ಪೈಸೆ ಅಷ್ಟೇ ಇರಬೇಕು. ಎರಡು ಪೈಸೆಯ ನಾಣ್ಯ ಅದರ ಎರಡರಷ್ಟು, ಅರ್ಧ ಪೈಸೆ ಅದರ ಅರ್ಧ. ಅಂಚಿನ ಸುತ್ತ ಜೋಡಣೆಯ ಗೆರೆ ಇರಲಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಅಂಚಿನ ನಡುವೆ ಒಂದು ಸುತ್ತು ಗೆರೆ ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದಿದ್ದರೆ ಉಜ್ಜಿದ ಗೀರುಗಳಾದರೂ ಕಾಣುತ್ತವೆ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದರೂ ಎರಕದ್ದಿರಬಹುದು. ಅಸಲಿಯನ್ನು ಕೈಯಿಂದ ಹೊಡೆದದ್ದು. ಹಾಗಾಗಿ ಚಿತ್ರ ಒಂದು ಪಕ್ಕಕ್ಕೆ ಸರಿದಿರುವುದು, ಬರಹದ ತುದಿ ಬಿಲ್ಲೆಯಿಂದ ಹೊರಗೆ ಹೋಗಿರುವುದು ಸಹಜ. ಆನೆ, ಬರಹ, ಸುತ್ತಲಿನ ಚುಕ್ಕೆ ಸಾಲು ಎಲ್ಲವೂ ನಟ್ಟನಡುವೆ ಅಚ್ಚುಕಟ್ಟಾಗಿ ಕೂತಿದ್ದರೆ ನನಗೆ ಸಂತೋಷಕ್ಕಿಂತ ಅನುಮಾನವೇ ಮೊದಲು.

ಇನ್ನೊಂದು ತಾಳೆ ನೋಡುವುದು ಇಸವಿಯನ್ನು. ಟಿಪ್ಪು ಮೊದಲು ಹಿಜರಿ, ಅಂದರೆ ಇಸ್ಲಾಮಿ ಇಸವಿ ಹಾಕುತ್ತಿದ್ದ. ಆಮೇಲೆ ಮೌಲೂದಿ ಎಂಬ ತನ್ನದೇ ಲೆಕ್ಕ ಶುರು ಮಾಡಿದ. ಅದು ನಾಣ್ಯದ ಮೇಲೆ 1215ರಿಂದ ಬರುತ್ತದೆ, ನಮ್ಮ 1787ರ ಆಸುಪಾಸು. ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಅಂದರೆ ನಮ್ಮ ಕಣ್ಣಿಗೆ 5121 ಎಂದು ಕಂಡರೆ ಅದು 1215. ಇದನ್ನು ಹಿಜರಿ ಎಂದು ತಿಳಿದು ಲೆಕ್ಕ ಹಾಕಿದರೆ 1800ಕ್ಕೆ ಹೋಗುತ್ತದೆ. ‘ಟಿಪ್ಪು ಸತ್ತ ಮೇಲೆ ಹೊಡೆದ ವಿಶೇಷ ನಾಣ್ಯ’ ಎಂದು ಹೆಚ್ಚು ಬೆಲೆ ಕೇಳುವ ಪೋಸ್ಟ್‌ಗಳ ಮೂಲ ಅನೇಕ ಸಲ ಈ ಲೆಕ್ಕವೇ. ಧಾರವಾಡದ ಹೆಸರಿದ್ದು, ಇಸವಿ 1219ರ ನಂತರದ್ದಿದ್ದರೆ ಎರಡರಲ್ಲಿ ಒಂದನ್ನು ತಪ್ಪಾಗಿ ಓದಿದ್ದಾರೆ, ಇಲ್ಲವೇ ನಾಣ್ಯವೇ ಸುಳ್ಳು. ಆಗ ಕೋಟೆ ಟಿಪ್ಪುವಿನ ಕೈಯಲ್ಲಿ ಇರಲಿಲ್ಲವಲ್ಲ. ನನ್ನ ನಾಣ್ಯದಲ್ಲಿ ಇಸವಿಯ ಎರಡು ಅಂಕಿ ಮಾತ್ರ ಉಳಿದಿವೆ. ಉಳಿದಷ್ಟು ಕಾಲಕ್ಕೆ ಹೊಂದುತ್ತದೆ.

ಈ ಕ್ರಮವನ್ನೇ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗೂ ಬಳಸುತ್ತೇನೆ. 1911ರ ಐದನೆಯ ಜಾರ್ಜ್ ರೂಪಾಯಿ ಎಲ್ಲರಿಗೂ ಗೊತ್ತಿರುವುದೇ. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯ ಹಾಗಿದೆ ಎಂದು ಜನ ಗಲಾಟೆ ಮಾಡಿದರು. ಸುಮಾರು 94 ಲಕ್ಷ ಹೊಡೆದಿದ್ದರೂ ಹೊರಗೆ ಬಂದದ್ದು ಸುಮಾರು 7 ಲಕ್ಷ, ಉಳಿದದ್ದು ಕರಗಿತು. 1912ರಿಂದ ಸೊಂಡಿಲು ತಿದ್ದಿದ ಆನೆ ಬಂತು. ಈಗ ನಡೆಯುವುದೇನೆಂದರೆ, ಸೊಂಡಿಲು ಸವೆದುಹೋದ 1912, 1913ರ ರೂಪಾಯಿಗಳನ್ನೂ ‘ಹಂದಿ ರೂಪಾಯಿ’ ಎಂದು ಮಾರುತ್ತಾರೆ. ಆನೆ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಇಸವಿ ನೋಡಿ. 1911 ಇದ್ದರೆ ಕೊನೆಯ ಅಂಕಿಯ ಸುತ್ತಲಿನ ಬೆಳ್ಳಿಯನ್ನು ದೊಡ್ಡದು ಮಾಡಿ ನೋಡಿ. 2ನ್ನು ಕೊರೆದು 1 ಮಾಡಿದ್ದರೆ ಅಲ್ಲಿ ಮೈ ಬೇರೆ ಥರ ಹೊಳೆಯುತ್ತದೆ.

1939ರ ಆರನೆಯ ಜಾರ್ಜ್ ರೂಪಾಯಿ ಇನ್ನೂ ಕಷ್ಟದ್ದು. ಅದು ನಿಜಕ್ಕೂ ಅಪರೂಪ, ಅದಕ್ಕೇ ನಕಲಿಯೂ ವಿಪರೀತ. 1938 ಮತ್ತು 1939ರವು ಹಳೆಯ ಉತ್ತಮ ಬೆಳ್ಳಿಯವು, ಅಂಚಿನಲ್ಲಿ ನೇರ ಗೀರುಗಳು. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, ಅಂಚಿನ ನಡುವೆ ತೋಡು ಇರುವ ಭದ್ರತಾ ಅಂಚು ಬಂತು. 1939 ಎಂದು ಹೇಳುವ ನಾಣ್ಯಕ್ಕೆ ತೋಡಿನ ಅಂಚಿದ್ದರೆ ಮಾತು ಅಲ್ಲಿಗೇ ಮುಗಿಯಿತು. ನೇರ ಗೀರಿದ್ದರೂ 8ನ್ನು 9 ಮಾಡಿರಬಹುದು. ಈ ಒಂದು ನಾಣ್ಯವನ್ನು ಫೋಟೊ ನಂಬಿ ಕೊಳ್ಳುವುದೇ ಇಲ್ಲ. ಹೆಸರುವಾಸಿ ಹರಾಜು ಸಂಸ್ಥೆಯಲ್ಲಿ, ಪರೀಕ್ಷೆ ಆಗಿ ಬಂದಿದ್ದರೆ ಮಾತ್ರ.

ಸ್ವಾತಂತ್ರ್ಯದ ನಂತರದ ನಾಣ್ಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರ ಹೈದರಾಬಾದ್, ಗುಂಡನೆ ಚುಕ್ಕೆ ನೋಯ್ಡಾ, ಏನೂ ಇಲ್ಲದ್ದು ಕೋಲ್ಕತ್ತ. ನೋಯ್ಡಾ ಟಂಕಸಾಲೆ ಶುರುವಾದದ್ದು 1988ರಲ್ಲಿ. 1970ರ ದಶಕದ ನಾಣ್ಯಕ್ಕೆ ‘ನೋಯ್ಡಾ, ಅಪರೂಪ’ ಎಂದು ಬರೆದಿದ್ದರೆ ಅದು ಸವೆದ ವಜ್ರ ಅಥವಾ ಕೊಳೆ. ಕಮಲದ 20 ಪೈಸೆ, ಘೇಂಡಾಮೃಗದ 25 ಪೈಸೆ, ವೈಷ್ಣೋದೇವಿಯ 5 ರೂಪಾಯಿ ಲಕ್ಷಗಟ್ಟಲೆ ಬಾಳುತ್ತವೆ ಎಂಬ ವಿಡಿಯೊಗಳನ್ನು ದಯವಿಟ್ಟು ನಂಬಬೇಡಿ. ಅವು ಮನೆಮನೆಯ ಡಬ್ಬಿಯಲ್ಲಿವೆ. ಹಳೆ ನಾಣ್ಯ ಮಾರಿಕೊಡುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಕಮಿಷನ್ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಇನ್ನು 1818 ಎಂದು ಬರೆದ, ರಾಮ ಸೀತೆಯರ ಚಿತ್ರದ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ. ಕಂಪನಿ ಅಂಥದ್ದನ್ನು ಹೊಡೆಯಲೇ ಇಲ್ಲ. ಈ ನಾಣ್ಯಗಳ ಹೆಸರಲ್ಲಿ ವಯಸ್ಸಾದವರ ಉಳಿತಾಯ ಹೋಗುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೆಲೆಯ ವಿಷಯದಲ್ಲಿ ಒಂದೇ ಅಭ್ಯಾಸ. ಕೇಳುತ್ತಿರುವ ಬೆಲೆ ನೋಡುವುದಿಲ್ಲ, ಮಾರಾಟವಾದ ಬೆಲೆ ನೋಡುತ್ತೇನೆ. ಬೆಂಗಳೂರು, ಮುಂಬೈಯ ಹರಾಜು ಸಂಸ್ಥೆಗಳು ಹರಾಜು ಮುಗಿದ ಮೇಲೆ ಯಾವುದು ಎಷ್ಟಕ್ಕೆ ಹೋಯಿತು ಎಂದು ಪ್ರಕಟಿಸುತ್ತವೆ. ಹುಣಸೆಹಣ್ಣು ಹಾಕಿ ತಿಕ್ಕಿ ಕೆಂಪಗೆ ಮಾಡಿದ ತಾಮ್ರಕ್ಕೆ, ಎಷ್ಟೇ ಅಪರೂಪದ ಟಂಕಸಾಲೆಯಾಗಿರಲಿ, ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ಕಂದು ಬಣ್ಣದ ಹಳೆಯ ಪದರ ಒಮ್ಮೆ ಹೋದರೆ ಹೋಯಿತು.

ಹೊರದೇಶದಲ್ಲಿರುವ ನಮ್ಮವರು ಒಂದು ವಿಷಯ ನೆನಪಿಡಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಭಾರತದಿಂದ ಖಾಸಗಿಯಾಗಿ ಹೊರಗೆ ಕಳಿಸುವ ಹಾಗಿಲ್ಲ. ಟಿಪ್ಪುವಿನ ಪೈಸೆ, 1911ರ ರೂಪಾಯಿ ಎರಡೂ ಅದರೊಳಗೆ ಬರುತ್ತವೆ. ‘ಕೊರಿಯರ್‌ನಲ್ಲಿ ಕಳಿಸ್ತೀವಿ’ ಅನ್ನುವವರಿಂದ ದೂರ ಇರಿ. ನೀವಿರುವ ದೇಶದಲ್ಲೇ ಹಳೆಯ ಸಂಗ್ರಹಗಳಿಂದ ಬರುವ ನಾಣ್ಯಗಳನ್ನು ಹುಡುಕಿ.

ಈಗ ನಾನು ಹುಡುಕುತ್ತಿರುವುದು ಬೆಂಗಳೂರು ಟಂಕಸಾಲೆಯ ಪೈಸೆ. ಪಾರಸಿಯಲ್ಲಿ ಬರೆದಾಗ ಬೆಂಗಳೂರ್‌ನ ನಡುವೆಯೂ ನಗರ್‌ನಲ್ಲಿರುವ ಅದೇ ನ, ಅದೇ ಗಾಫ್ ಇವೆ, ಕೊನೆಗೆ ಅದೇ ರ ಇದೆ. ಬಿಲ್ಲೆ ಸಣ್ಣದಾಗಿ ಮೊದಲ ಅಕ್ಷರ ಹೊರಗೆ ಹೋಗಿದ್ದರೆ ಅದನ್ನು ನಗರ್ ಎಂದೇ ಓದುತ್ತಾರೆ. ಆದರೆ ಬೆಂಗಳೂರ್‌ನಲ್ಲಿ ಗಾಫ್ ಆದ ಮೇಲೆ ಎತ್ತರದ ಒಂದು ಲಾಮ್ (ಲ) ನಿಂತಿರುತ್ತದೆ, ಅದರ ಪಕ್ಕ ದುಂಡು ತಲೆಯ ಒಂದು ವಾವ್ (ಇಲ್ಲಿ ಊ). ಹಾಗಾಗಿ ‘ನಗರ್’ ಎಂದು ಹಾಕಿದ ಪೋಸ್ಟ್ ಬಂದಾಗಲೆಲ್ಲ ತೆರೆದು, ಮೊದಲು ಗಾಫ್‌ನ ಆಚೆ ಏನಿದೆ ಎಂದು ನೋಡುತ್ತೇನೆ.