ಕ್ಯಾನ್ಸರ್ ಸರ್ಜನ್ ಆರಿಸುವುದು ಹೇಗೆ: ಮುಂಬೈಗೆ ಬರುವ ಮೊದಲು ಓದಿಕೊಳ್ಳಿ

ಊರಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಮುಂಬೈಯಲ್ಲಿರುವ ನಮಗೆ ಫೋನ್ ಬರುತ್ತದೆ. ವಿಜಯಪುರ, ಕಲಬುರಗಿ, ಉಡುಪಿ, ಕಾರವಾರ, ಎಲ್ಲಿಂದ ಬಂದರೂ ಪ್ರಶ್ನೆ ಒಂದೇ: "ಅಲ್ಲಿ ಒಳ್ಳೆ ಡಾಕ್ಟರ್ ಯಾರು?" ಡೊಂಬಿವಲಿಯಲ್ಲೋ ಮಾಟುಂಗಾದಲ್ಲೋ ಇರುವ ನಾವು ಕೇಳಿ ಗೊತ್ತಿರುವ ಒಂದು ಹೆಸರು ಹೇಳಿಬಿಡುತ್ತೇವೆ. ಆ ಹೆಸರಿನವರು ಸ್ತನದ ಸರ್ಜನ್ ಆಗಿರಬಹುದು, ಕಾಯಿಲೆ ನಾಲಿಗೆಯದ್ದಾಗಿರಬಹುದು. ಹೆಸರಿಗಿಂತ, ಸರ್ಜನ್ ಬಗ್ಗೆ ಏನೇನು ನೋಡಬೇಕು, ಏನು ಕೇಳಬೇಕು ಅಂತ ಹೇಳಿಕೊಟ್ಟರೆ ಜಾಸ್ತಿ ಉಪಯೋಗ ಅಲ್ವಾ?

ಎಲ್ಲಕ್ಕಿಂತ ಮೊದಲ ಮಾತು. ಗಡ್ಡೆಯನ್ನು ಅವಸರದಲ್ಲಿ ಊರಲ್ಲೇ ತೆಗೆಸಬೇಡಿ. "ಸಣ್ಣದಿದೆ, ತೆಗೆದುಬಿಡೋಣ, ಆಮೇಲೆ ಟೆಸ್ಟಿಗೆ ಕಳಿಸೋಣ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಸ್ತನದಲ್ಲಿ, ತೊಡೆಯಲ್ಲಿ, ತೋಳಿನಲ್ಲಿ ಇರುವ ಗಡ್ಡೆಗೆ ಮೊದಲು ಸೂಜಿ ಬಯಾಪ್ಸಿ (ಸೂಜಿಯಿಂದ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಆಗಬೇಕು. ಕಾಯಿಲೆ ಏನೆಂದು ಗೊತ್ತಿಲ್ಲದೆ ಗಡ್ಡೆಯನ್ನಷ್ಟೇ ಕಿತ್ತರೆ ಅದರ ಅಂಚು ಒಳಗೇ ಉಳಿಯಬಹುದು. ಮಾಂಸಖಂಡದಲ್ಲಿ ಬರುವ ಸಾರ್ಕೋಮಾ ಆಗಿದ್ದರಂತೂ ಇನ್ನೂ ಕಷ್ಟ. ಕ್ಯಾನ್ಸರ್ ಕಣಗಳು ಆ ಗಾಯದ ದಾರಿಯಲ್ಲೆಲ್ಲ ಉಳಿದುಕೊಂಡಿರಬಹುದು, ಆಮೇಲೆ ಬರುವ ಸರ್ಜನ್ ಆ ಜಾಗವನ್ನೆಲ್ಲ ಮತ್ತೆ ಅಗಲವಾಗಿ ಕತ್ತರಿಸಬೇಕಾಗುತ್ತದೆ. ಕ್ಯಾನ್ಸರ್‌ನಲ್ಲಿ ಮೊದಲ ಆಪರೇಷನ್ ಸರಿಯಾಗಿ ಆಗುವುದು ಬಹಳ ಮುಖ್ಯ. ಎರಡನೆಯದು ಯಾವಾಗಲೂ ಕಷ್ಟದ್ದು. ಇನ್ನು "ಸೂಜಿ ಚುಚ್ಚಿದರೆ ಹರಡುತ್ತದೆ" ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಸರಿಯಾದ ಜಾಗದಲ್ಲಿ, ಸರಿಯಾದ ರೀತಿಯಲ್ಲಿ ಮಾಡಿದ ಬಯಾಪ್ಸಿಯಿಂದ ಕಾಯಿಲೆ ಹರಡುತ್ತದೆಂದು ಹೆದರಿ ತಿಂಗಳುಗಟ್ಟಲೆ ಕಾಯುವುದೇ ನಿಜವಾದ ಅಪಾಯ.

ಈಗ ಡಿಗ್ರಿಗೆ ಬನ್ನಿ. ಬೋರ್ಡಿನಲ್ಲಿ "ಆಂಕಾಲಜಿಸ್ಟ್" ಎಂದಷ್ಟೇ ಇದ್ದರೆ ಅವರು ಸರ್ಜನ್ ಎಂದುಕೊಳ್ಳಬೇಡಿ. ಕೀಮೋ ಕೊಡುವವರು ಮೆಡಿಕಲ್ ಆಂಕಾಲಜಿಸ್ಟ್, ಸಾಮಾನ್ಯವಾಗಿ ಡಿಎಂ ಮಾಡಿರುತ್ತಾರೆ. ರೇಡಿಯೇಷನ್ ಕೊಡುವವರದ್ದು ಅದೇ ವಿಷಯದ ಎಂಡಿ. ಆಪರೇಷನ್ ಮಾಡುವವರು ಸರ್ಜಿಕಲ್ ಆಂಕಾಲಜಿಸ್ಟ್. ಅವರ ದಾರಿ ಹೀಗಿರುತ್ತದೆ: ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್ 3 ವರ್ಷ, ಅದರ ಮೇಲೆ ಸರ್ಜಿಕಲ್ ಆಂಕಾಲಜಿಯಲ್ಲಿ ಎಂಸಿಎಚ್ ಇನ್ನೂ 3 ವರ್ಷ. ಎಂಸಿಎಚ್ ಬದಲು ಡಿಆರ್‌ಎನ್‌ಬಿ ಇದ್ದರೂ ಅದು ಅದೇ ಮಟ್ಟದ್ದು. ಒಟ್ಟು ಹನ್ನೊಂದೂವರೆ ವರ್ಷ, ಮಧ್ಯೆ ಸೀಟಿಗಾಗಿ ಪರೀಕ್ಷೆ ಬರೆಯುತ್ತಾ ಕಾದ ಕಾಲ ಬೇರೆ. ಬಾಯಿ, ಗಂಟಲು, ಥೈರಾಯ್ಡ್ ಆಪರೇಷನ್ ಮಾಡುವ ಕೆಲವರು ಇಎನ್‌ಟಿಯಲ್ಲಿ ಎಂಎಸ್ ಮುಗಿಸಿ ತಲೆ-ಕತ್ತಿನ ಕ್ಯಾನ್ಸರ್‌ನಲ್ಲಿ ಫೆಲೋಶಿಪ್ ಮಾಡಿರುತ್ತಾರೆ. ಅದೂ ಒಳ್ಳೆಯ ದಾರಿಯೇ. ಆದರೆ ಎಲ್ಲಿ ಮಾಡಿದರು, ಎಷ್ಟು ಕಾಲ ಮಾಡಿದರು ಎಂದು ನೋಡಿ. ಕೆಲವು ದಿನದ ಕೋರ್ಸಿಗೂ ದೊಡ್ಡ ಹೆಸರಿನ ಸರ್ಟಿಫಿಕೇಟ್ ಸಿಗುತ್ತದೆ.

ಡಾಕ್ಟರ ಚೀಟಿಯ ಮೇಲೆ ರಿಜಿಸ್ಟ್ರೇಷನ್ ನಂಬರ್ ಇರಬೇಕು. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ಅಥವಾ ನ್ಯಾಷನಲ್ ಮೆಡಿಕಲ್ ಕಮಿಷನ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಇದಕ್ಕೆ ಸಂಕೋಚ ಬೇಡ.

ಡಿಗ್ರಿ ಇದೆ ಎಂದ ಮೇಲೆ ನಿಜವಾದ ಪ್ರಶ್ನೆ ಶುರುವಾಗುತ್ತದೆ: ಇವರು ಪ್ರತಿ ವಾರ ಮಾಡುವ ಆಪರೇಷನ್ ಯಾವುದು? ಎಂಸಿಎಚ್‌ನಲ್ಲಿ ಇಡೀ ದೇಹದ ಕ್ಯಾನ್ಸರ್ ಕಲಿಯುತ್ತಾರೆ, ಆದರೆ ಕೈ ಪಳಗುವುದು ದಿನಾ ಮಾಡುವ ಕೆಲಸದಲ್ಲಿ. ಪರೇಲಿನ ಟಾಟಾ ಮೆಮೋರಿಯಲ್‌ನಲ್ಲಿ ಅಂಗಕ್ಕೊಂದು ಗುಂಪು ಇರುವುದು ಇದೇ ಕಾರಣಕ್ಕೆ. ತಲೆ-ಕತ್ತು ಬೇರೆ, ಸ್ತನ ಬೇರೆ, ಎದೆಗೂಡು ಬೇರೆ, ಹೊಟ್ಟೆ ಬೇರೆ, ಮೂಳೆ ಬೇರೆ. ಅನ್ನನಾಳ, ಮೇದೋಜೀರಕ ಗ್ರಂಥಿ ಇಂಥ ದೊಡ್ಡ ಆಪರೇಷನ್‌ಗಳಲ್ಲಿ, ಜಾಸ್ತಿ ಕೇಸು ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ವಿಷಯ. ಹಾಗಾಗಿ ಸುಮ್ನೆ "ಅನುಭವ ಎಷ್ಟು ವರ್ಷ?" ಎಂದು ಕೇಳಬೇಡಿ. "ನಮ್ಮ ಅಪ್ಪನಿಗೆ ಮಾಡಬೇಕಾದ ಇದೇ ಆಪರೇಷನ್ ಕಳೆದ ಒಂದು ವರ್ಷದಲ್ಲಿ ಎಷ್ಟು ಮಾಡಿದ್ದೀರಿ ಸರ್?" ಎಂದು ಕೇಳಿ. ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಬಂದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಬಾಯಿ ಕ್ಯಾನ್ಸರ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಗುಟ್ಕಾ ತಂಬಾಕಿನಿಂದಾಗಿ ನಮ್ಮ ಕಡೆಯಿಂದ ಬರುವವರಲ್ಲಿ ಅದನ್ನೇ ಹೆಚ್ಚು ನೋಡುತ್ತೇನೆ. ಕೆನ್ನೆ ಅಥವಾ ದವಡೆಯ ಭಾಗ ತೆಗೆದ ಮೇಲೆ ಆ ಜಾಗ ತುಂಬಬೇಕು. ಮುಂಗೈಯ ಚರ್ಮ, ಅಥವಾ ಮೊಣಕಾಲಿನ ಕೆಳಗಿನ ಸಣ್ಣ ಎಲುಬನ್ನು ರಕ್ತನಾಳದ ಸಮೇತ ತಂದು, ಕತ್ತಿನ ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಇಟ್ಟು ಹೊಲಿಯುತ್ತಾರೆ. ಇದು ಪ್ಲಾಸ್ಟಿಕ್ ಸರ್ಜನ್ ಕೆಲಸ, ಹೀಗೆ ತಂದ ತುಂಡಿಗೆ ಫ್ಲ್ಯಾಪ್ ಎನ್ನುತ್ತಾರೆ. ಮೊದಲ ಕೆಲವು ದಿನ ಆ ಫ್ಲ್ಯಾಪ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಧ್ಯರಾತ್ರಿಯಾದರೂ ತಕ್ಷಣ ಒಟಿಗೆ ಕರೆದೊಯ್ಯಬೇಕು. ಆದ್ದರಿಂದ ಕ್ಯಾನ್ಸರ್ ಸರ್ಜನ್ ಜೊತೆಗೆ ಪ್ಲಾಸ್ಟಿಕ್ ಸರ್ಜನ್ ಯಾರು, ರಾತ್ರಿ ಯಾರಿರುತ್ತಾರೆ, ನುಂಗುವುದನ್ನೂ ಮಾತನ್ನೂ ಮತ್ತೆ ಕಲಿಸುವ ಥೆರಪಿಸ್ಟ್ ಇದ್ದಾರಾ, ಇಷ್ಟನ್ನೂ ಕೇಳಿ. ರೇಡಿಯೇಷನ್ ಬೇಕಾದರೆ ಅದು ಆಪರೇಷನ್ ಆದ 6 ವಾರದೊಳಗೆ ಶುರುವಾಗುವುದು ಒಳ್ಳೆಯದು, ಹಾಗಾಗಿ ಅದರ ಏರ್ಪಾಡನ್ನೂ ಮೊದಲೇ ಮಾತಾಡಿ.

ಕತ್ತಿನ ಗಂಟುಗಳ, ಅಂದರೆ ಕಾಯಿಲೆ ಹರಡಬಹುದಾದ ಲಿಂಫ್ ಗ್ರಂಥಿಗಳ ಮಾತೂ ಇದೆ. ಬಾಯಲ್ಲಿ ಸಣ್ಣ ಕ್ಯಾನ್ಸರ್, ಕತ್ತಿನಲ್ಲಿ ಗಂಟು ಕಾಣುತ್ತಿಲ್ಲ ಎಂದಾಗ ಕತ್ತನ್ನೂ ಆಗಲೇ ಆಪರೇಷನ್ ಮಾಡಬೇಕಾ, ಗಂಟು ಬಂದಾಗ ಮಾಡಿದರೆ ಸಾಕಾ ಎಂದು ಬಹಳ ಕಾಲ ಚರ್ಚೆ ಇತ್ತು. ಡಾ. ಅನಿಲ್ ಡಿಕ್ರೂಜ್ ಮತ್ತು ಟಾಟಾ ಆಸ್ಪತ್ರೆಯ ತಂಡ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿತು. ಮೊದಲೇ ಕತ್ತಿನ ಗ್ರಂಥಿ ತೆಗೆಸಿಕೊಂಡವರಲ್ಲಿ 3 ವರ್ಷದ ನಂತರ ಬದುಕಿದ್ದವರು ಶೇ. 80, ಗಂಟು ಬರುವವರೆಗೆ ಕಾದವರಲ್ಲಿ ಶೇ. 67.5. ಪರೇಲಿನ ಒಂದು ಆಸ್ಪತ್ರೆಯ ಕೆಲಸ ಇಡೀ ಜಗತ್ತಿನ ರೂಢಿಯ ಮೇಲೆ ಪ್ರಭಾವ ಬೀರಿತು, ನನಗೆ ಅದರ ಬಗ್ಗೆ ಬಹಳ ಹೆಮ್ಮೆ. ನಿಮ್ಮ ಸರ್ಜನ್ "ಕತ್ತಿಗೆ ಏನೂ ಬೇಡ" ಎಂದರೆ ಯಾಕೆ ಬೇಡ ಎಂದು ಕೇಳಿ. ಕಾರಣ ಇರಬಹುದು, ಅದನ್ನು ಅವರು ಹೇಳಬೇಕು.

ಸರ್ಜನ್ ಒಬ್ಬರೇ ನಿರ್ಧಾರ ಮಾಡುವ ಕಡೆ ನನಗೆ ನಂಬಿಕೆ ಕಡಿಮೆ. ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್, ಬಯಾಪ್ಸಿಯ ತುಣುಕು ಪರೀಕ್ಷಿಸುವ ಪ್ಯಾಥಾಲಜಿಸ್ಟ್ ಒಟ್ಟಿಗೆ ಕೂತು ಕೇಸ್ ನೋಡುವುದಕ್ಕೆ ಟ್ಯೂಮರ್ ಬೋರ್ಡ್ ಎನ್ನುತ್ತಾರೆ. ಮುಂದುವರಿದ ಸ್ತನ ಕ್ಯಾನ್ಸರ್‌ಗೆ ಹಲವು ಸಲ ಕೀಮೋ ಮೊದಲು. ಗುದನಾಳದ ಮುಂದುವರಿದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ರೇಡಿಯೇಷನ್ ಮೊದಲು. "ಈಗ ಕತ್ತರಿಸಬೇಡಿ, ಮೊದಲು ಕೀಮೋ ಕೊಡಿ" ಎಂದು ಹೇಳಬಲ್ಲ ಸರ್ಜನ್ ಸಿಕ್ಕರೆ ಅದೃಷ್ಟ ಎಂದುಕೊಳ್ಳಿ.

ರೋಬೋಟ್, ಕೀಹೋಲ್ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಎಂಬ ಜಾಹೀರಾತು ನೋಡಿ ಆಸ್ಪತ್ರೆ ಆರಿಸಬೇಡಿ. ಕೆಲವು ಕಡೆ ಅದರಿಂದ ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು, ನಿಜ. ಆದರೆ ಗರ್ಭಕೊರಳಿನ ಆರಂಭದ ಕ್ಯಾನ್ಸರ್‌ನಲ್ಲಿ ಕೀಹೋಲ್‌ನಿಂದ ಗರ್ಭಕೋಶ ತೆಗೆಸಿಕೊಂಡವರಿಗಿಂತ ಹೊಟ್ಟೆ ತೆರೆದು ಮಾಡಿಸಿಕೊಂಡವರೇ ಹೆಚ್ಚು ಚೆನ್ನಾಗಿ ಬದುಕಿದರು ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಗಾಯ ಸಣ್ಣದಿದೆಯಾ ಎಂಬುದಕ್ಕಿಂತ ಒಳಗೆ ಕಾಯಿಲೆ ಪೂರ್ತಿ ಬಂತಾ ಎಂಬುದು ದೊಡ್ಡದು.

ಎರಡನೇ ಅಭಿಪ್ರಾಯ ಪಡೆಯಲು ಹಿಂಜರಿಯಬೇಡಿ. ಬರುವಾಗ ಬಯಾಪ್ಸಿಯ ಕಾಗದ ಮಾತ್ರ ತಂದರೆ ಸಾಲದು, ಆ ತುಣುಕು ಇರುವ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕ್‌ಗಳನ್ನು ಲ್ಯಾಬಿನಿಂದ ಕೇಳಿ ತನ್ನಿ. ದೊಡ್ಡ ಆಸ್ಪತ್ರೆಗಳ ಪ್ಯಾಥಾಲಜಿಸ್ಟ್ ಅದನ್ನು ಮತ್ತೊಮ್ಮೆ ನೋಡುತ್ತಾರೆ. ಕೆಲವೊಮ್ಮೆ ಕಾಯಿಲೆಯ ಹೆಸರೇ ಬದಲಾಗುತ್ತದೆ. ಸ್ಕ್ಯಾನಿನ ಫಿಲಂ ಜೊತೆ ಸಿಡಿಯೂ ಇರಲಿ. ಟಾಟಾ ಜೊತೆ ಸೇರಿ ಕೆಲಸ ಮಾಡುವ ನವ್ಯ ಎಂಬ ಆನ್‌ಲೈನ್ ಸೇವೆಗೆ ರಿಪೋರ್ಟ್ ಕಳಿಸಿ ಊರಿನಿಂದಲೇ ಅಭಿಪ್ರಾಯ ಪಡೆಯಬಹುದು. ಎಲ್ಲರೂ ಮುಂಬೈಗೆ ಬರಲೇಬೇಕು ಅಂತೇನಿಲ್ಲ. ಬೆಂಗಳೂರಿನ ಕಿದ್ವಾಯಿ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಪರೇಲಿನ ಫುಟ್‌ಪಾತ್ ಮೇಲೆ ಮಲಗಿ ಕಾಯುವ ಕುಟುಂಬಗಳನ್ನು ನೋಡಿದರೆ ಸಂಕಟವಾಗುತ್ತದೆ. ವಯಸ್ಸಾದವರನ್ನು ಕರೆತರುವ ಮೊದಲು ಇಳಿದುಕೊಳ್ಳುವ ಜಾಗ ಗೊತ್ತು ಮಾಡಿಕೊಳ್ಳಿ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಜಾಗ ಕೊಡುತ್ತಾರೆ, ಮೊದಲೇ ವಿಚಾರಿಸಿ.

ಒಪಿಡಿಗೆ ಹೋಗುವಾಗ ಹಿಂದಿ ಅಥವಾ ಮರಾಠಿ ಚೆನ್ನಾಗಿ ಬರುವ ಒಬ್ಬರು ಜೊತೆಗಿರಲಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರ್ ಕೊಡುವ ಸಮಯ ಕಡಿಮೆ. ಅಜ್ಜಿಗೆ ಕಾಯಿಲೆಯ ಹೆಸರು ಹೇಳಬಾರದು ಎಂದು ಮನೆಯವರೆಲ್ಲ ಬಾಯಿ ಮುಚ್ಚಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಮೈ ಅವರದ್ದು, ಒಪ್ಪಿಗೆ ಕೊಡಬೇಕಾದವರೂ ಅವರೇ.

ಆಪರೇಷನ್ ಮುಗಿದು ಕೆಲವು ದಿನಕ್ಕೆ ಪ್ಯಾಥಾಲಜಿ ರಿಪೋರ್ಟ್ ಬರುತ್ತದೆ. ಸರ್ಜನ್ ಕೆಲಸ ಹೇಗಾಗಿದೆ ಎಂಬುದು ಅದರಲ್ಲಿ ಕಾಣುತ್ತದೆ. ಎರಡು ಸಾಲು ಹುಡುಕಿ. ಒಂದು, ಮಾರ್ಜಿನ್: ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಎಂದಿರಬೇಕು. ಇನ್ನೊಂದು, ತೆಗೆದ ಲಿಂಫ್ ಗ್ರಂಥಿಗಳ ಸಂಖ್ಯೆ ಮತ್ತು ಅದರಲ್ಲಿ ಎಷ್ಟರಲ್ಲಿ ಕಾಯಿಲೆ ಇತ್ತು ಎಂಬುದು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕು. ಕಡಿಮೆ ಇದ್ದರೆ ಯಾಕೆ ಎಂದು ಸರ್ಜನ್ ಹತ್ತಿರ ಕೇಳಿ, ಇದರಿಂದ ಮುಂದಿನ ಕೀಮೋ ನಿರ್ಧಾರ ಬದಲಾಗುತ್ತದಾ ಎಂದೂ ಕೇಳಿ. ಆ ರಿಪೋರ್ಟಿನ ಮೂರ್ನಾಲ್ಕು ಜೆರಾಕ್ಸ್ ಮಾಡಿಸಿ, ಒಂದನ್ನು ಊರಿನ ಫ್ಯಾಮಿಲಿ ಡಾಕ್ಟರಿಗೆ ಕೊಡಿ.