ಹೀರೋನ ಬದಿಗಿಟ್ಟು ನಟನನ್ನು ನೋಡೋದು ಹೇಗೆ

ಥಿಯೇಟರ್‌ನಿಂದ ಹೊರಗೆ ಬಂದವರನ್ನು "ಹೆಂಗಿದೆ?" ಅಂತ ಕೇಳಿ ನೋಡಿ. "ಬೆಂಕಿ ಗುರು", "ಫಸ್ಟ್ ಹಾಫ್ ಲ್ಯಾಗು", "ಒಂದ್ಸಲ ನೋಡ್ಬೋದು". ಈ ಮೂರರಲ್ಲಿ ಒಂದು ಬರುತ್ತೆ. ನಟನೆ ಹೇಗಿತ್ತು ಅಂತ ಕೆದಕಿದರೆ, "ನಮ್ ಬಾಸ್ ಆಕ್ಟಿಂಗ್ ಬಗ್ಗೆ ಎರಡು ಮಾತಿಲ್ಲ" ಅಂತಾರೆ. ಆ ಎರಡು ಮಾತನ್ನಾದರೂ ಆಡೋಕೆ ಬರಬೇಕಲ್ಲ ಸ್ವಾಮಿ, ಅಷ್ಟು ದುಡ್ಡು ಕೊಟ್ಟು ನೋಡಿದ ಮೇಲೆ? ಅದಕ್ಕೆ ನಾನು ರೂಢಿ ಮಾಡಿಕೊಂಡಿರೋ ಕ್ರಮ ಇಲ್ಲಿದೆ.

ಮೊದಲೇ ಹೇಳಿಬಿಡ್ತೀನಿ, ನಾನು ಶಿವಣ್ಣನ, ಅಂದರೆ ಶಿವರಾಜ್‌ಕುಮಾರ್ ಅವರ ಅಭಿಮಾನಿ. ಮೈಸೂರಿನಲ್ಲಿ ಒಂದು ಸಹಕಾರ ಬ್ಯಾಂಕಿನ ಕ್ಯಾಷಿಯರ್. ಚಿನ್ನದ ಸಾಲಕ್ಕೆ ಬಂದವರು, ಅಕ್ಕಸಾಲಿಗ ಒಡವೆಯನ್ನು ಒರೆಗಲ್ಲಿಗೆ ಉಜ್ಜುವಾಗ ಸುಮ್ಮನೆ ನಿಂತಿರ್ತಾರಲ್ಲ, ಆ ಮುಖಗಳನ್ನು ನೋಡಿ ನೋಡಿ ನನಗೊಂದು ಚಾಳಿ ಬಿದ್ದಿದೆ. ಮಾತಾಡೋರಿಗಿಂತ ಕಾಯ್ತಾ ಇರೋರ ಮುಖ ನೋಡೋದು. ಸಿನಿಮಾಕ್ಕೂ ಇದನ್ನೇ ತಗೊಂಡು ಹೋಗಿದ್ದೀನಿ.

ಹೋಗುವ ಮುಂಚೆ

ಶುಕ್ರವಾರದ ಮೊದಲ ಶೋಗೆ ಹೋಗಬೇಡಿ ಅಂತ ನಾನು ಹೇಳಲಾರೆ, ನಾನೇ ಹೋಗ್ತೀನಿ. ಕಟೌಟಿಗೆ ಹಾರ, ತಮಟೆ, ಎಂಟ್ರಿಗೆ ಪೇಪರ್ ತೂರಾಟ ಎಲ್ಲ ಬೇಕು. ಆದರೆ ಆ ಶೋನಲ್ಲಿ ನಟನೆ ನೋಡೋಕಾಗಲ್ಲ, ಹಬ್ಬ ನೋಡಬಹುದು ಅಷ್ಟೆ. ನಟನೆ ನೋಡೋಕೆ ಸೋಮವಾರ ಇಲ್ಲವೇ ಮಂಗಳವಾರದ ಮ್ಯಾಟ್ನಿ ಒಳ್ಳೇದು. ಜನ ಕಮ್ಮಿ, ಶಿಳ್ಳೆ ಇಲ್ಲ, ಮಾತು ಕೇಳಿಸುತ್ತೆ. ಎರಡನೇ ವಾರದ ತನಕ ಕಾಯ್ತೀನಿ ಅಂದರೆ ಸಣ್ಣ ಸಿನಿಮಾಗಳು ನಿಮಗೆ ಸಿಗಲ್ಲ, ಎತ್ತಂಗಡಿ ಆಗಿರುತ್ತೆ.

ರೇಟಿಂಗ್, ಯೂಟ್ಯೂಬ್ ವಿಮರ್ಶೆ ನೋಡಬೇಡಿ. ನಿಮ್ಮ ಅಭಿಪ್ರಾಯ ಗಟ್ಟಿಯಾದ ಮೇಲೆ ಬೇಕಾದಷ್ಟು ನೋಡಿ, ಜಗಳ ಆಡೋಕೆ ಚೆನ್ನಾಗಿರುತ್ತೆ.

ಒಬ್ಬರನ್ನು ಹಿಡಿದುಕೊಳ್ಳಿ

ಮೊದಲ ಸಲ ಕಥೆ ನೋಡಿ, ನಗಿ, ಅಳಿ, ಶಿಳ್ಳೆ ಹೊಡೀರಿ. ಮನಸ್ಸಿಗೆ ಹಿಡಿಸಿದ ಸಿನಿಮಾ ಆದರೆ ಎರಡನೇ ಸಲ ನೋಡಿ. ಥಿಯೇಟರೇ ಆಗಬೇಕಿಲ್ಲ, ಮನೆಯ ಟಿವಿಯಲ್ಲೂ ಆಗುತ್ತೆ. ಈ ಸಲ ಒಬ್ಬ ನಟ ಇಲ್ಲವೇ ನಟಿಯನ್ನು ಆರಿಸಿಕೊಂಡು, ಅವರು ಪರದೆ ಮೇಲೆ ಇರೋವಷ್ಟು ಹೊತ್ತೂ ಅವರನ್ನೇ ನೋಡಬೇಕು. ಅದರಲ್ಲೂ ಬೇರೆಯವರು ಮಾತಾಡುವಾಗ. ಬಾಯಿಪಾಠ ಮಾಡಿದ ಡೈಲಾಗನ್ನು ದನಿ ಏರಿಸಿ ಒಪ್ಪಿಸೋದು ಹೇಗೋ ನಡೆದುಹೋಗುತ್ತೆ. ಎದುರಿನವನ ಮಾತನ್ನು ಈಗಲೇ ಮೊದಲ ಸಲ ಕೇಳ್ತಿದ್ದೀನಿ ಅನ್ನೋ ಹಾಗೆ ಕೇಳಿಸಿಕೊಳ್ಳೋದಿದೆಯಲ್ಲ, ಅಲ್ಲಿ ನಟ ಸಿಕ್ಕಿಬೀಳ್ತಾನೆ.

ಶುರು ಮಾಡೋಕೆ 2022ರ 'ಕಾಂತಾರ' ಒಳ್ಳೇದು. ನೋಡಿಲ್ಲದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ರಿಷಬ್ ಶೆಟ್ಟಿಗೆ ಆ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, ಕೊನೆಯ ಆ ದೈವದ ಆವೇಶ ನೋಡಿ ಮೈ ಜುಮ್ ಅನ್ನದವರು ಯಾರೂ ಇಲ್ಲ. ಎರಡನೇ ಸಲ ಮಾತ್ರ ರಿಷಬ್‌ರನ್ನು ಬಿಡಿ, ಅಚ್ಯುತ್ ಕುಮಾರ್‌ರನ್ನು ಹಿಡ್ಕೊಳ್ಳಿ. ಧಣಿ ದೇವೇಂದ್ರನ ಪಾತ್ರ. ಮೊದಲ ಸಲ ನೋಡಿದಾಗ ಶಿವನ (ರಿಷಬ್ ಪಾತ್ರ) ಮೇಲೆ ಒಂಥರ ವಾತ್ಸಲ್ಯ ಇರೋ ದೊಡ್ಡಮನುಷ್ಯನ ಹಾಗೆ ಕಾಣ್ತಾರೆ. ದೈವ ನರ್ತಕ ಗುರುವನನ್ನು ಕೊಂದವನು ಇವನೇ ಅಂತ ಗೊತ್ತಿಟ್ಟುಕೊಂಡು ಮತ್ತೆ ನೋಡಿ. ಅದೇ ನಗು, ಅದೇ ಸಲುಗೆ. ಒಂದೇ ಒಂದು ಕಡೆಯಲ್ಲೂ "ನಾನು ವಿಲನ್" ಅಂತ ನಮಗೆ ಕಣ್ಣು ಹೊಡೆಯಲ್ಲ ಈ ಮನುಷ್ಯ. ಆದರೂ ಆ ನಗು ಕೆಳಗಿನವರ ಹತ್ತಿರ ಎಷ್ಟು ದೂರ ಬಂದು ನಿಲ್ಲುತ್ತೆ ಅನ್ನೋದು ಕಾಣುತ್ತೆ. ಕೊಲೆಯನ್ನು ಅರಣ್ಯಾಧಿಕಾರಿ ಮುರಳೀಧರನ ತಲೆಗೆ ಕಟ್ಟುವಾಗ ಶಿವನ ಮುಖ ನೋಡಬೇಡಿ, ಧಣಿಯನ್ನು ನೋಡಿ. ತಿಪಟೂರು ಕಡೆಯ, ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನಲ್ಲಿ ಕಲಿತ ಈ ನಟ ಯಾವ ಸಿನಿಮಾದಲ್ಲಿದ್ದರೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಶಿವಣ್ಣನಿಗೆ ಬರೋಣ. 2017ರ 'ಮಫ್ತಿ'. ಅರ್ಧ ಸಿನಿಮಾ ಹತ್ತಿರ ಬರೋವರೆಗೆ ಶಿವಣ್ಣನ ಪಾತ್ರದ್ದು ಭೈರತಿ ರಣಗಲ್ ಅಂತ ಹೆಸರು ಮಾತ್ರ ಓಡಾಡ್ತಿರುತ್ತೆ, ಮನುಷ್ಯ ಬರಲ್ಲ. ಬಂದ ಮೇಲೂ ಮಾತು ಕಮ್ಮಿ. ಕಪ್ಪು ಶರ್ಟು, ಕಪ್ಪು ಪಂಚೆ, ಕಣ್ಣು. 'ಜೋಗಿ' ಕಾಲದ ಶಿವಣ್ಣ ಮೈಯೆಲ್ಲ ಶಕ್ತಿ, ಇಲ್ಲಿ ಅದನ್ನೆಲ್ಲ ಒಳಗೆ ಎಳೆದುಕೊಂಡು ಕೂತಿದ್ದಾರೆ. ಎದುರಿನವರು ಮಾತಾಡ್ತಿದ್ದಾಗ ಶಿವಣ್ಣನ ಕಣ್ಣು ಎಷ್ಟು ಹೊತ್ತು ರೆಪ್ಪೆ ಬಡಿಯದೆ ನಿಲ್ಲುತ್ತೆ ಅಂತ ಗಮನಿಸಿ.

ಅದೇ ಪಾತ್ರದ ಹಿಂದಿನ ಕಥೆ ಅಂತ 2024ರ ನವೆಂಬರ್‌ನಲ್ಲಿ 'ಭೈರತಿ ರಣಗಲ್' ಬಂತು. ಅಭಿಮಾನಿ ಅಂದಮೇಲೆ ಹೊಗಳಬೇಕು ಅಂತ ನನ್ನ ಅಕ್ಕನ ಮಗ ಅಂದುಕೊಂಡಿದ್ದ. ನನಗೆ 'ಮಫ್ತಿ'ಯೇ ಮೇಲು. ರಣಗಲ್ ವಕೀಲನಾಗಿದ್ದ ಕಾಲದ ದೃಶ್ಯಗಳಲ್ಲಿ ಶಿವಣ್ಣ ತುಂಬ ಚೆನ್ನಾಗಿ ಮಾಡಿದ್ದಾರೆ, ಮನುಷ್ಯ ಇನ್ನೂ ನಂಬಿಕೆ ಕಳೆದುಕೊಂಡಿಲ್ಲ ಅನ್ನೋದು ನಿಲುವಿನಲ್ಲೇ ತಿಳಿಯುತ್ತೆ. ಆದರೆ 'ಮಫ್ತಿ'ಯಲ್ಲಿ ನಾವು ಊಹಿಸಿಕೊಂಡಿದ್ದನ್ನೆಲ್ಲ ಇಲ್ಲಿ ಬಿಡಿಸಿ ಹೇಳಿಬಿಟ್ಟರು. ನೆಚ್ಚಿನ ನಟ ಚೆನ್ನಾಗಿ ಮಾಡಿದ್ದಾರೆ, ಸಿನಿಮಾ ಅಷ್ಟಿಲ್ಲ ಅಂತ ಹೇಳೋದನ್ನು ಅಭ್ಯಾಸ ಮಾಡಿ. ಹೇಳಿದ್ದಕ್ಕೆ ಯಾರೂ ಅಭಿಮಾನಿ ಸಂಘದಿಂದ ಹೆಸರು ತೆಗೆಯಲ್ಲ.

ಸೌಂಡ್ ಆಫ್ ಮಾಡಿ

ಮನೇಲಿ ನೋಡುವಾಗ ರಿಮೋಟ್ ಕೈಯಲ್ಲೇ ಇರಲಿ. ನಿಮಗೆ ತುಂಬ ಇಷ್ಟವಾದ ಒಂದು ದೃಶ್ಯವನ್ನು ಮ್ಯೂಟ್ ಮಾಡಿ ಮತ್ತೆ ನೋಡಿ. ಹಿನ್ನೆಲೆ ಸಂಗೀತ ಹೋಯ್ತು, ಡೈಲಾಗ್ ಹೋಯ್ತು. ಉಳಿದದ್ದು ನಟನ ಪಾಲು.

ಈ ಪರೀಕ್ಷೆಯಲ್ಲಿ ಗೆಲ್ಲೋರು ಕಮ್ಮಿ. 2023ರಲ್ಲಿ ಹೇಮಂತ್ ರಾವ್ 'ಸಪ್ತ ಸಾಗರದಾಚೆ ಎಲ್ಲೋ' ಸಿನಿಮಾವನ್ನು ಸೈಡ್ ಎ, ಸೈಡ್ ಬಿ ಅಂತ ಎರಡು ಭಾಗ ಮಾಡಿ ಕೊಟ್ಟರಲ್ಲ, ಅದರ ಮೊದಲ ಭಾಗದಲ್ಲಿ ಪ್ರಿಯಾ ಜೈಲಿಗೆ ಬಂದು ಮನುವನ್ನು ಮಾತಾಡಿಸುವ ದೃಶ್ಯಗಳನ್ನು ಹೀಗೆ ನೋಡಿ. ಚರಣ್ ರಾಜ್ ಸಂಗೀತ ಅಷ್ಟು ಚೆನ್ನಾಗಿದೆ, ಅದಿಲ್ಲದೆ ಸಪ್ಪೆ ಅನ್ನಿಸಬಹುದು ಅಂದುಕೊಂಡಿದ್ದೆ. ಇಲ್ಲ. ರುಕ್ಮಿಣಿ ವಸಂತ್ ಮುಖದಲ್ಲಿ ಧೈರ್ಯ ಹೇಳಬೇಕು ಅನ್ನೋದೂ ತನಗೇ ಧೈರ್ಯ ಇಲ್ಲ ಅನ್ನೋದೂ ಒಟ್ಟಿಗೆ ಓಡಾಡುತ್ತೆ. ರಕ್ಷಿತ್ ಶೆಟ್ಟಿಯ ಮನು ತಾನು ಮಾಡದ ತಪ್ಪನ್ನು ಹೊತ್ತುಕೊಂಡವನು, ಪೆದ್ದುತನ ಅನ್ನಿ, ಆಸೆ ಅನ್ನಿ. ಅವನ ನಗು ಒಂದೊಂದು ಭೇಟಿಗೂ ಸವೆಯುತ್ತೆ. ಸೈಡ್ ಬಿಯಲ್ಲಿ ಹತ್ತು ವರ್ಷ ಕಳೆದಿದೆ. ಆಗ ಪ್ರಿಯಾ ಮಾತಿಲ್ಲದೆ ಮನೆಗೆಲಸ ಮಾಡ್ತಿರುವಾಗಿನ ಹೆಗಲು ನೋಡಿ, ಅದೇ ಹುಡುಗಿಯಾ ಅನ್ನಿಸುತ್ತೆ. ಸೈಡ್ ಬಿ ಜನಕ್ಕೆ ಕಮ್ಮಿ ಹಿಡಿಸಿತು, ನನಗೆ ಜಾಸ್ತಿ ಹಿಡಿಸಿತು. ಸುರಭಿ ಪಾತ್ರದ ಚೈತ್ರಾ ಆಚಾರ್ ಅದಕ್ಕೆ ಅರ್ಧ ಕಾರಣ. ('ಗರುಡ ಗಮನ ವೃಷಭ ವಾಹನ'ದಲ್ಲಿ 'ಸೋಜುಗದ ಸೂಜುಮಲ್ಲಿಗೆ' ಹಾಡಿದ್ದು ಇವರೇ ಅಂತ ಬಹಳ ಜನಕ್ಕೆ ಗೊತ್ತಿಲ್ಲ.)

ಇದೇ ಮ್ಯೂಟ್ ಪರೀಕ್ಷೆಯನ್ನು 'ಕೆಜಿಎಫ್'ಗೆ ಹಾಕಿ ನೋಡೋ ಅಂದೆ ಅಕ್ಕನ ಮಗನಿಗೆ. "ಮಾಮ, ನಿಮಗೆ ಹೊಟ್ಟೆಕಿಚ್ಚು" ಅಂದ. ಹೊಟ್ಟೆಕಿಚ್ಚೇನಿಲ್ಲಪ್ಪ. ನಾನೂ ಅದನ್ನು ಥಿಯೇಟರ್‌ನಲ್ಲಿ ಕೂಗಾಡಿಕೊಂಡೇ ನೋಡಿದವನು. ಆದರೆ ಅಲ್ಲಿ ನಮ್ಮನ್ನು ಕುರ್ಚಿಯಿಂದ ಎಬ್ಬಿಸೋದರಲ್ಲಿ ರವಿ ಬಸ್ರೂರು ಸಂಗೀತಕ್ಕೆ, ಭುವನ್ ಗೌಡ ಕ್ಯಾಮೆರಾಕ್ಕೆ, ಎಡಿಟಿಂಗಿಗೆ ದೊಡ್ಡ ಪಾಲಿದೆ. ಯಶ್ ಕೊಡೋದು ನಡಿಗೆ ಮತ್ತು ನಿಲುವು. ಅದೂ ಕೆಲಸವೇ, ಎಲ್ಲರಿಗೂ ಬರಲ್ಲ, ಆದರೆ ಅದಕ್ಕೆ ಸ್ಟಾರ್‌ತನ ಅಂತ ಬೇರೆ ಲೆಕ್ಕ ಇಡಿ. ಯಶ್ ನಟನೆ ನೋಡಬೇಕಾದರೆ ನಾನು 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಹಾಕ್ತೀನಿ.

ಗುಂಪಿನ ಮೂಲೆಯಲ್ಲಿ ನಿಂತವರು

2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಈ ಪಾಠಕ್ಕೆ ಹೇಳಿ ಮಾಡಿಸಿದ್ದು. ಕಟೌಟ್ ನಿಲ್ಲಿಸುವಂಥ ಹೀರೋ ಇಲ್ಲ, ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಹೌಸ್‌ಫುಲ್ ಆಯ್ತು. ಬರೆದು ನಿರ್ದೇಶಿಸಿ ಅಶೋಕನ ಪಾತ್ರ ಮಾಡಿದ ಜೆ.ಪಿ. ತುಮಿನಾಡು, ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ ಎಲ್ಲ ತುಳು ರಂಗಭೂಮಿಯಲ್ಲಿ ಪಳಗಿದವರು. ನಾಟಕದವರಿಗೆ ಒಂದು ಗುಣ ಇರುತ್ತೆ. ತಮ್ಮ ಮಾತು ಮುಗಿದ ಮೇಲೂ ರಂಗದ ಮೇಲೆ ನಿಂತೇ ಇರಬೇಕು, ಕ್ಯಾಮೆರಾ ಬಂದು ಅವರನ್ನು ಉಳಿಸಲ್ಲ. ಹಾಗಾಗಿ ಅಶೋಕನಿಗೆ ದೆವ್ವ ಹಿಡಿದಿದೆ ಅಂತ ಅಂಗಳದಲ್ಲಿ ಊರೆಲ್ಲ ಸೇರಿದ ದೃಶ್ಯಗಳಲ್ಲಿ ಮಾತಾಡ್ತಿರೋ ಒಬ್ಬರನ್ನು ಬಿಟ್ಟು ಹಿಂದಿನ ಸಾಲು ನೋಡಿ. ಪ್ರತಿಯೊಬ್ಬನಿಗೂ ಅವನದೇ ಭಯ, ಅವನದೇ ಕುತೂಹಲ. ರವಿಯಣ್ಣನಾಗಿ ಶನೀಲ್ ಗೌತಮ್ ಊರಿನ ಜವಾಬ್ದಾರಿಯೆಲ್ಲ ತನ್ನದೇ ಅಂತ ಎದೆ ಸೆಟೆಸಿ ನಿಲ್ಲುವ ರೀತಿ ಇದೆಯಲ್ಲ, ನಿಮ್ಮ ಬೀದಿಯಲ್ಲೂ ಅಂಥ ಒಬ್ಬರು ಇದ್ದಾರೆ. ರಾಜ್ ಬಿ. ಶೆಟ್ಟಿ ನಿರ್ಮಾಪಕರಾಗಿದ್ದೂ ಕರುಣಾಕರ ಗುರೂಜಿಯಾಗಿ ತಡವಾಗಿ ಬರ್ತಾರೆ, ಉಳಿದವರ ಜಾಗ ಕಿತ್ತುಕೊಳ್ಳಲ್ಲ. 'ಗರುಡ ಗಮನ'ದ ಶಿವನಾಗಿ ಹುಲಿವೇಷದ ಹೆಜ್ಜೆ ಹಾಕಿ ಹೆದರಿಸಿದ್ದು, ಮಾತೇ ಇಲ್ಲದ 'ಟೋಬಿ' ಆಗಿದ್ದು ಇದೇ ಮನುಷ್ಯ. ಈಗಿರೋರಲ್ಲಿ ಇಷ್ಟು ದೂರ ಹೋಗಿ ಬರೋ ನಟ ಇನ್ನೊಬ್ಬರು ನನಗೆ ಕಾಣ್ತಿಲ್ಲ.

'ಕಾಂತಾರ'ದ ಹಿಂದಿನ ಕಥೆ ಅಂತ ಆಮೇಲೆ ಬಂದ 'ಕಾಂತಾರ ಚಾಪ್ಟರ್ 1' ಬಗ್ಗೆ ಹೇಳಲೇಬೇಕಾ? ದೊಡ್ಡದಾಗಿದೆ. 2022ರದ್ದರಲ್ಲಿ ಕೋಳಿ ಅಂಕ, ಕಂಬಳ, ಮನೆ ಜಗಳದ ನಡುವೆ ಮನುಷ್ಯರ ಮುಖ ಹತ್ತಿರದಿಂದ ಸಿಗ್ತಿತ್ತು. ಇದರಲ್ಲಿ ಮುಖಕ್ಕೆ ಹೊತ್ತಿಲ್ಲ.

ಹಳೇ ಇಮೇಜನ್ನು ಮರೆಯೋದು

ಇದು ಕಷ್ಟ. ರಂಗಾಯಣ ರಘು ಅಂದರೆ ಗಂಟಲು ಹರಿಯೋ ಕೂಗು, ಕಾಮಿಡಿ ಅಂತ ತಲೆಯಲ್ಲಿ ಕೂತುಬಿಟ್ಟಿದೆ. 2024ರ 'ಶಾಖಾಹಾರಿ' ನೋಡೋಕೆ ಕೂತಾಗ ಮೊದಲ ಸ್ವಲ್ಪ ಹೊತ್ತು ಅವರು ಈಗ ನಗಿಸ್ತಾರೆ, ಈಗ ನಗಿಸ್ತಾರೆ ಅಂತಲೇ ಕಾಯ್ತೀವಿ. ಮಲೆನಾಡಿನ ಸಣ್ಣ ಹೋಟೆಲಿನ ಅಡುಗೆಯ ಸುಬ್ಬಣ್ಣ ಅವರು. ಇಂಥ ಕಡೆ ಕೈಯಿಂದ ಶುರು ಮಾಡಿ, ಮುಖಕ್ಕೆ ಆಮೇಲೆ ಹೋಗಿ. ಪಾತ್ರೆ ಹಿಡಿಯೋದು, ತರಕಾರಿ ಹೆಚ್ಚೋದು, ಹೆಗಲ ಮೇಲಿನ ಬಟ್ಟೆ. ಕೆಲಸ ಗೊತ್ತಿರೋ ಕೈ ಅಂತ ನಂಬಿಕೆ ಬಂದರೆ ಹಳೇ ರಘು ತಾನಾಗಿ ಹಿಂದೆ ಸರೀತಾರೆ. ಅದೇ ಸಿನಿಮಾದಲ್ಲಿ ಗೋಪಾಲಕೃಷ್ಣ ದೇಶಪಾಂಡೆ ಪೊಲೀಸು. 'ಗರುಡ ಗಮನ'ದಲ್ಲೂ ಪೊಲೀಸು. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಒಂದೇ ಖಾಕಿಯಲ್ಲಿ ಎರಡು ಬೇರೆ ಬೇರೆ ಸುಸ್ತು ತೋರಿಸ್ತಾರೆ.

ನಟನೆಯನ್ನು ಬರಿಗಣ್ಣಲ್ಲಿ ನೋಡಬೇಕು ಅಂದರೆ ವರ್ಷಕ್ಕೆ ಕೆಲವಾದರೂ ನಾಟಕ ನೋಡಿ. ಮೈಸೂರಿನಲ್ಲಿರೋರಿಗೆ ನೆಪವೇ ಇಲ್ಲ. ರಂಗಾಯಣದಲ್ಲಿ ವಾರಾಂತ್ಯದ ನಾಟಕಗಳಿವೆ, ಬಹುರೂಪಿ ನಾಟಕೋತ್ಸವ ಇದೆ, ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಅವರ 'ನಟನ' ರಂಗಶಾಲೆ ಇದೆ. ಬೇರೆ ಊರಿನವರಾದರೆ ಊರೂರು ಸುತ್ತಿ ನಾಟಕ ಆಡೋ ನೀನಾಸಂ ತಿರುಗಾಟ ಬರೋದನ್ನು ಕಾಯಿರಿ. ಅಲ್ಲಿ ಕ್ಲೋಸಪ್ ಇಲ್ಲ, ಯಾರನ್ನು ನೋಡಬೇಕು ಅಂತ ನೀವೇ ತೀರ್ಮಾನಿಸಬೇಕು. ಆ ಅಭ್ಯಾಸ ಸಿನಿಮಾದಲ್ಲೂ ಕೆಲಸಕ್ಕೆ ಬರುತ್ತೆ.

ಹೇಳುವಾಗ

ಅಭಿಪ್ರಾಯ ಹೇಳುವಾಗ ಒಂದು ದೃಶ್ಯ ಹೆಸರಿಸಿ. "ಚೆನ್ನಾಗಿ ಮಾಡಿದ್ದಾರೆ" ಅಂದರೆ ವಾದ ಅಲ್ಲಿಗೇ ನಿಂತುಹೋಗುತ್ತೆ. "ಧಣಿ ಸುಳ್ಳು ಹೇಳುವಾಗ ಮುಖ ಅಲ್ಲಾಡಲ್ಲ ನೋಡು" ಅಂದರೆ ಎದುರಿನವನು ಮತ್ತೆ ನೋಡ್ತಾನೆ. ಇಷ್ಟವಾಗದಿದ್ದರೂ ಅಷ್ಟೆ. ನಟನ ಮನೆತನ, ಅವರ ವೈಯಕ್ತಿಕ ಬದುಕು, ಇನ್ನೊಬ್ಬ ಸ್ಟಾರ್ ಜೊತೆ ಹೋಲಿಕೆ, ಮೊದಲ ದಿನದ ಕಲೆಕ್ಷನ್ ಯಾವುದನ್ನೂ ನಡುವೆ ತರಬೇಡಿ. ಕಲೆಕ್ಷನ್ ವಿಷಯ ನಿರ್ಮಾಪಕರು ಮತ್ತು ವಿತರಕರು ನೋಡಿಕೊಳ್ತಾರೆ.

ಎಲ್ಲಿಂದ ಶುರು ಮಾಡಲಿ ಅನ್ನೋರಿಗೆ ಈ ಭಾನುವಾರದ ಮಟ್ಟಿಗೆ 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಾಕು. ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್. ಅಪಾಯಕಾರಿ ಜನರ ನಡುವೆ ಕೂತಿದ್ದರೂ ತಾನೆಲ್ಲಿದ್ದೀನಿ ಅಂತ ಅವರಿಗೆ ಗೊತ್ತಿಲ್ಲ. ಬೇರೆಯವರು ಕಿರುಚಾಡುವಾಗ ಅವರ ಕಣ್ಣು ಎಲ್ಲೋ ಹೋಗಿ ವಾಪಸ್ ಬರುತ್ತಲ್ಲ, ಆ ಜಾಗ ಬಂದ ಕೂಡಲೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮ್ಯೂಟ್ ಮಾಡಿ, ಇನ್ನೊಂದು ಸಲ ನೋಡಿ. ಮನೆಯವರು ಬೈದರೆ ಕಾಫಿ ಮಾಡಿಕೊಟ್ಟು ಸಮಾಧಾನ ಮಾಡಿ.