ಹಿಕ್ಕೆ ಒಡೆದು ನೋಡೋದು ಕಲಿತೆ

ಕುಷ್ಟಗಿ ತಾಲೂಕಿನಲ್ಲಿ ನಮ್ಮದು ಒಂದೆಕರೆ ಮಸಾರಿ ಹೊಲ. ಸಜ್ಜೆ ಬಿತ್ತುತ್ತೇವೆ. ಚೀಲದ ಗೊಬ್ಬರದ ಖರ್ಚು ಜಾಸ್ತಿಯಾಯ್ತು ಅಂತ, ಅಪ್ಪನ ಕಾಲದ ಹಾಗೆ ಕುರಿ ತರುಬಿಸಲು, ಅಂದರೆ ಹಿಕ್ಕೆ, ಉಚ್ಚೆ ಗೊಬ್ಬರವಾಗಲಿ ಅಂತ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಲು ಹೊರಟೆ.

ಆಗ ಮೇ ತಿಂಗಳು. ಕುರುಬರ ಹಿರಿಯರೊಬ್ಬರು 400 ಕೆಂಗುರಿ ಹೊಡೆದುಕೊಂಡು ಹೊರಟಿದ್ದರು. "ಈಗ ಬ್ಯಾಡ ತಮ್ಮಾ, ಕುರಿ ಜಾಲಿಕಾಯಿ ತಿಂದಾವ. ಒಂದು ವಾರ ಬಿಡು" ಅಂದರು. ಮಳೆ ಬಿದ್ದುಬಿಟ್ಟರೆ ಅನ್ನೋ ಅವಸರ ನನಗೆ. ಒತ್ತಾಯ ಮಾಡಿ ನಿಲ್ಲಿಸಿಕೊಂಡೆ.

ಅವರ ಕೆಲಸ ನೋಡಬೇಕು. ಸಂಜೆ ಗೂಟ ಹೊಡೆದು ಬಲೆ ಕಟ್ಟಿ ಕುರಿ ಕೂಡುತ್ತಾರೆ. ನಡುರಾತ್ರಿ ಎದ್ದು ಕುರಿಗಳನ್ನೂ ಎಬ್ಬಿಸುತ್ತಾರೆ. ಎದ್ದ ಕುರಿ ಉಚ್ಚೆ ಹೊಯ್ಯುತ್ತದೆ, ಅದೇ ಹೊಲಕ್ಕೆ ಬಲ. ಮರುದಿನ ಹಟ್ಟಿ ಪಕ್ಕಕ್ಕೆ ಸರಿಯುತ್ತದೆ. ಒಂದೆಕರೆ ಮುಗಿಯಲು 10 ರಾತ್ರಿ ಬೇಕಾಯ್ತು. ಹಟ್ಟಿ ಸರಿದ ಜಾಗವನ್ನು ಅವತ್ತೇ ಕುಂಟೆ ಹೊಡೆದು ಹರಗಿಸಿದರು. ಬಿಸಿಲಿಗೆ ಬಿಟ್ಟರೆ ಸತ್ವ ಗಾಳಿಗೆ ಹೋಗುತ್ತದಂತೆ. ಮೂಗಿಗೆ ಘಾಟು ಬಡಿಯುತ್ತದಲ್ವಾ, ಹೋಗುತ್ತಿರೋದು ಅದೇ.

ಮಳೆಯಾಯ್ತು. ಸಜ್ಜೆ ಜೊತೆ ಹೊಲದ ತುಂಬ ಜಾಲಿ ಸಸಿ ಎದ್ದವು! ಬಳ್ಳಾರಿ ಜಾಲಿ ಅಂತ ನಮ್ಮೂರ ಹೆಸರು ಇದ್ದರೂ ಇದು ಅಮೆರಿಕಾ ಖಂಡದ ಗಿಡ, 19ನೇ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಕುರಿಯ ಹೊಟ್ಟೆಯಲ್ಲಿ ಕಾಯಿ ಕರಗುತ್ತದೆ, ಗಟ್ಟಿ ಬೀಜ ಹಾಗೇ ಹೊರಬರುತ್ತದೆ. ಕೊಯ್ದರೆ ಮತ್ತೆ ಚಿಗುರುತ್ತದೆ. ನಾನೂ ಹೆಂಡತಿಯೂ ಕೂತು ಒಂದೊಂದನ್ನೇ ಬೇರು ಸಮೇತ ಕಿತ್ತೆವು. ಕೈಯೆಲ್ಲ ಮುಳ್ಳು ಗೀರು.

ಮರುವರ್ಷ ಹಿರಿಯರನ್ನು ಹುಡುಕಿಕೊಂಡು ಹೋದೆ. ಅವರು ಸಿಟ್ಟಾಗಲಿಲ್ಲ. ಒಂದು ಹಿಕ್ಕೆ ಎತ್ತಿ ಉಗುರಿನಿಂದ ಒಡೆದರು. ಒಳಗೆ ಕಂದು ಬಣ್ಣದ ಸಣ್ಣ ಬೀಜ. "ಇದು ಕಂಡ್ರ ಹೊಲಕ್ಕ ಕರೀಬ್ಯಾಡ" ಅಂದರು. ಯಾವ ಗಿಡ ಯಾವಾಗ ಕಾಯಿ ಉದುರಿಸುತ್ತದೆ, ಯಾವ ಹಳ್ಳದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಎಲ್ಲ ಅವರ ಬಾಯಲ್ಲೇ ಇದೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆ ಮೇಯಿಸಿಕೊಂಡು ತಿರುಗಿ ಬರುವ ದಾರಿಯನ್ನೂ ಹೀಗೇ ಲೆಕ್ಕ ಹಾಕುತ್ತಾರೆ. ಇಷ್ಟು ತಿಳಿದವರನ್ನು ದಾರಿಹೋಕರ ಹಾಗೆ ಕಾಣುತ್ತೇವಲ್ಲ, ನನಗೆ ನಿಜಕ್ಕೂ ನೋವಾಗುತ್ತದೆ.

ಈಗ ಶಿವರಾತ್ರಿ ಕಳೆದ ಮೇಲೆ, ಜಾಲಿಕಾಯಿ ಹಣ್ಣಾಗುವ ಮೊದಲೇ ಕುರಿ ನಿಲ್ಲಿಸುತ್ತೇವೆ. ರಾತ್ರಿಗೆ ಇಷ್ಟು ಅಂತ ರೊಕ್ಕ, ಜೊತೆಗೆ ಜೋಳ. ಮಾತು ಮುಗಿಸುವ ಮೊದಲು ನಾಲ್ಕೈದು ಹಿಕ್ಕೆ ನಾನೇ ಒಡೆದು ನೋಡುತ್ತೇನೆ. ಹಿರಿಯರು ಪಕ್ಕದಲ್ಲಿ ಕಂಬಳಿ ಹೊದ್ದು ಸುಮ್ನೆ ನಿಂತಿರುತ್ತಾರೆ.